ಬೈಕಿನ ಆಯಿಲ್ ಡ್ರೈನ್ ಬೋಲ್ಟ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಹಳೆಯ ಸ್ಪ್ಲೆಂಡರ್. ಒಂದು ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಅದರ ಕೆಳಗೆ ಅಂಗೈ ಅಗಲದ ಕಪ್ಪು ಕಲೆ ಕಾಣಿಸಿತು. ಬೋಲ್ಟ್ ಸ್ವಲ್ಪ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡು ಸ್ಪ್ಯಾನರ್ ಹಾಕಿದೆ. ಅರ್ಧ ಸುತ್ತು ಚೆನ್ನಾಗಿ ಬಿಗಿಯಾಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಬೆಣ್ಣೆಯಲ್ಲಿ ತಿರುಗಿದಂತೆ ಸಲೀಸಾಗಿ ತಿರುಗತೊಡಗಿತು. ಆ ಸಲೀಸು ಎಷ್ಟು ದುಬಾರಿ ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ನಮ್ಮ ಬೀದಿಯಲ್ಲಿ ಯಾರ ಗಾಡಿ ಆಯಿಲ್ ಸೋರಿದರೂ ನನ್ನನ್ನೇ ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಡ್ರೈನ್ ಬೋಲ್ಟ್ ಅಂದರೆ ಯಾವುದು? ಅಂಗಡಿಯಲ್ಲಿ ಏನಂತ ಕೇಳಬೇಕು?

ಎಂಜಿನ್‌ನ ತಳದಲ್ಲಿ, ಹಳೆ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್ ಅದು. ಕೆಲವರು ಆಯಿಲ್ ನಟ್ ಅನ್ನುತ್ತಾರೆ, ಕೆಲವರು ಚೇಂಬರ್ ಬೋಲ್ಟ್, ಕಂಪನಿಯವರು ಡ್ರೈನ್ ಪ್ಲಗ್. ಅದು ನಟ್ ಅಲ್ಲವೇ ಅಲ್ಲ, ಆದರೆ ಕೌಂಟರ್‌ನಲ್ಲಿ ವಾದ ಮಾಡಬೇಡಿ. "ಇಂಥ ಗಾಡಿ, ಇಂಥ ವರ್ಷದ ಮಾಡೆಲ್, ಆಯಿಲ್ ಡ್ರೈನ್ ಬೋಲ್ಟ್, ಜೊತೆಗೆ ವಾಷರ್" ಅಂದರೆ ಸಾಕು. ವಾಷರ್ (ಬೋಲ್ಟ್ ತಲೆಯ ಕೆಳಗೆ ಕೂರುವ ಬಿಲ್ಲೆ) ಅನ್ನುವ ಮಾತು ಮರೆಯಬೇಡಿ. ನೀವು ಕೇಳದಿದ್ದರೆ ಅವರು ಕೊಡುವುದಿಲ್ಲ.

ಒಂದು ಎಚ್ಚರಿಕೆ. ಎಂಜಿನ್ ಕೆಳಗೆ ಬೇರೆ ಬೋಲ್ಟ್‌ಗಳೂ ಇರುತ್ತವೆ. ಕೆಲವು ಗಾಡಿಗಳಲ್ಲಿ ಆಯಿಲ್ ಜರಡಿಯ ದೊಡ್ಡ ಮುಚ್ಚಳವೂ ಅಲ್ಲೇ ಇರುತ್ತದೆ. ಅದನ್ನು ಬಿಚ್ಚಿದರೆ ಆಯಿಲ್ ಜೊತೆ ಸ್ಪ್ರಿಂಗ್, ಜರಡಿ ಎಲ್ಲ ಟಬ್‌ಗೆ ಬೀಳುತ್ತವೆ. ಯಾವುದು ಹೇಗೆ ಕೂತಿತ್ತು ಅಂತ ನೋಡಿಕೊಳ್ಳದವರು ಅರ್ಧ ದಿನ ಒದ್ದಾಡುತ್ತಾರೆ. ಮೊದಲ ಸಲ ಆದರೆ ಓನರ್ಸ್ ಮ್ಯಾನುಯಲ್‌ನ ಚಿತ್ರ ನೋಡಿಯೇ ಕೈ ಹಾಕಿ.

ಬೋಲ್ಟ್ ಹತ್ತಿರ ಆಯಿಲ್ ಜಿನುಗುತ್ತಿದೆ. ಹೊಸ ಬೋಲ್ಟ್ ತರಬೇಕಾ?

ತಾಳಿ. ಮೊದಲು ತಪ್ಪು ಯಾರದು ಅಂತ ನೋಡಿ. ಮೂರು ಜನರ ಮೇಲೆ ಅನುಮಾನ: ವಾಷರ್, ಬೋಲ್ಟ್, ಎಂಜಿನ್‌ನ ತೂತು.

ಸುತ್ತಲೂ ಸೀಮೆಎಣ್ಣೆಯಲ್ಲಿ ಒರೆಸಿ, ಒಣ ಬಟ್ಟೆ ಆಡಿಸಿ, ಒಂದು ರೌಂಡ್ ಓಡಿಸಿ ಬನ್ನಿ. ಎಷ್ಟೋ ಸಲ ಆಯಿಲ್ ಮೇಲಿನ ಗ್ಯಾಸ್ಕೆಟ್‌ನಿಂದ ಇಳಿದು ಬಂದು ಬೋಲ್ಟ್‌ನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಎಲ್ಲಕ್ಕಿಂತ ಕೆಳಗಿರುವುದು ಬೋಲ್ಟ್. ಹಾಗಾಗಿ ಬೈಗುಳ ಅದಕ್ಕೇ.

ನಿಜವಾಗಿ ಅಲ್ಲಿಂದಲೇ ಬರುತ್ತಿದ್ದರೆ ಆಯಿಲ್ ಇಳಿಸಿ ಬೋಲ್ಟ್ ಬಿಚ್ಚಿ. ಅದರ ಥ್ರೆಡ್, ಅಂದರೆ ಮೈಮೇಲಿನ ತಿರುಪಿನ ಗೆರೆಗಳನ್ನು, ಒರೆಸಿ ಬೆಳಕಿಗೆ ಹಿಡಿಯಿರಿ. ಬೋಲ್ಟ್ ಉಕ್ಕಿನದು, ಎಂಜಿನ್ ಕೇಸ್ ಅಲ್ಯೂಮಿನಿಯಂ. ಎರಡೂ ಜಗಳವಾಡಿದರೆ ಸೋಲುವುದು ಅಲ್ಯೂಮಿನಿಯಂ. ಬೋಲ್ಟ್‌ನ ಥ್ರೆಡ್ ಸಂದುಗಳಲ್ಲಿ ಬೆಳ್ಳಗೆ ಹೊಳೆಯುವ ತಂತಿಯಂಥ ಚೂರು ಸುತ್ತಿಕೊಂಡಿದ್ದರೆ ಅದು ಬೋಲ್ಟ್‌ನದಲ್ಲ, ನಿಮ್ಮ ಎಂಜಿನ್‌ನದು. ಆಗ ಎಷ್ಟು ಹೊಸ ಬೋಲ್ಟ್ ತಂದರೂ ಪ್ರಯೋಜನವಿಲ್ಲ. ನಾನು ಇದನ್ನು ನೋಡದೆ ಎರಡು ಬೋಲ್ಟ್ ತಂದೆ.

ಥ್ರೆಡ್ ಚೂಪಾಗಿದ್ದು, ತೂತಿನೊಳಗೆ ಬೆರಳಲ್ಲೇ ಕೊನೆತನಕ ಸಲೀಸಾಗಿ ಹೋಗಿ, ಅಲ್ಲಾಡದೆ ಕೂತರೆ ಹೊಸ ವಾಷರ್ ಸಾಕು. ತಲೆಯ ಮೂಲೆ ಸವೆದಿದ್ದರೆ, ಥ್ರೆಡ್ ಚಪ್ಪಟೆಯಾಗಿದ್ದರೆ, ಇಲ್ಲಾ ಬೋಲ್ಟ್ ಸ್ವಲ್ಪ ಬಾಗಿದ್ದರೆ ಆಗ ಬೋಲ್ಟ್ ಬದಲಿಸಿ.

ನನ್ನ ಗಾಡಿಗೆ ಯಾವ ಸೈಜ್?

ನಮ್ಮಲ್ಲಿ ಓಡಾಡುವ ಬೈಕ್‌ಗಳಲ್ಲಿ ಜಾಸ್ತಿ ಕಾಣುವುದು ಎಂ12 × 1.5. ಅಂದರೆ ಬೋಲ್ಟ್‌ನ ದಪ್ಪ 12 ಮಿಲಿಮೀಟರ್, ಒಂದು ಥ್ರೆಡ್‌ನಿಂದ ಮುಂದಿನ ಥ್ರೆಡ್‌ಗೆ ಒಂದೂವರೆ ಮಿಲಿಮೀಟರ್. ಈ ಎರಡನೆಯ ಅಂಕೆಗೆ ಪಿಚ್ ಅನ್ನುತ್ತಾರೆ. ಸ್ಪ್ಲೆಂಡರ್‌ನದು ಇದೇ. ಅದರ ತಲೆಗೆ 17ರ ಸ್ಪ್ಯಾನರ್ ಬೇಕು. ಎಂ14 × 1.5 ಇರುವ ಗಾಡಿಗಳೂ ಇವೆ.

ಜನ ಎಡವುವುದು ಸ್ಪ್ಯಾನರ್ ಸೈಜ್‌ನಲ್ಲಿ. "17ರ ಬೋಲ್ಟ್ ಕೊಡಿ" ಅಂತ ಕೇಳುತ್ತಾರೆ. 17 ಅನ್ನುವುದು ತಲೆಯ ಅಗಲ, ಅಷ್ಟೇ. ಒಳಗೆ ಹೋಗುವ ಭಾಗದ ಬಗ್ಗೆ ಅದು ಏನೂ ಹೇಳುವುದಿಲ್ಲ.

ನೋಡಬೇಕಾದ ಇನ್ನೊಂದು ಅಳತೆ ಉದ್ದ. ತಲೆಯ ಕೆಳಗಿನಿಂದ ತುದಿಯವರೆಗೆ ಅಳೆಯಿರಿ. ಗಿಡ್ಡ ಇದ್ದರೆ ನಾಲ್ಕೈದು ಥ್ರೆಡ್ ಮಾತ್ರ ಕಚ್ಚಿಕೊಂಡು, ಎಲ್ಲ ಭಾರ ಅವುಗಳ ಮೇಲೇ ಬಿದ್ದು ಕಿತ್ತು ಬರುತ್ತದೆ. ಉದ್ದ ಇದ್ದರೆ ಒಳಗಿರುವ ಜರಡಿಗೋ ಗೇರ್‌ಗೋ ತಾಗಬಹುದು.

ಮನೆಯಲ್ಲೇ ಅಳೆಯುವುದು ಹೇಗೆ? ನನ್ನ ಹತ್ತಿರ ಬರೀ ಸ್ಕೇಲ್ ಇದೆ.

ಸ್ಕೇಲ್ ಸಾಕು. ಬೋಲ್ಟ್ ಚೆನ್ನಾಗಿ ಒರೆಸಿ. ಒಂದು ಥ್ರೆಡ್‌ನ ತುದಿಯನ್ನು ಸೊನ್ನೆಗೆ ಹಿಡಿದು, ಅಲ್ಲಿಂದ ಹತ್ತನೆಯ ಥ್ರೆಡ್‌ನ ತುದಿ ಎಲ್ಲಿದೆ ನೋಡಿ. ಸೊನ್ನೆಯದನ್ನು ಎಣಿಸಬೇಡಿ. 15 ಮಿಲಿಮೀಟರ್ ಬಂದರೆ ಪಿಚ್ 1.5. 12.5 ಬಂದರೆ 1.25. 17.5 ಬಂದರೆ 1.75. ಬೋಲ್ಟ್‌ನಲ್ಲಿ ಹತ್ತು ಥ್ರೆಡ್ ಇಲ್ಲದಿದ್ದರೆ ಐದು ಎಣಿಸಿ, ದುಪ್ಪಟ್ಟು ಮಾಡಿ.

ವರ್ನಿಯರ್ ಇರುವವರಿಗೆ ಒಂದು ಮಾತು. 12ರ ಬೋಲ್ಟ್ ಅಳೆದರೆ 12 ಬರುವುದಿಲ್ಲ. 11.8ರ ಆಸುಪಾಸು ಬರುತ್ತದೆ. ಬೋಲ್ಟ್ ತಿರುಗಲು ಜಾಗ ಬೇಕಲ್ವಾ, ಅದಕ್ಕೆ ಸ್ವಲ್ಪ ಕಡಿಮೆಯೇ ಮಾಡಿರುತ್ತಾರೆ. ಹಳೆ ಬೋಲ್ಟ್ ಸವೆದಿದೆ ಅಂತ ಗಾಬರಿ ಬೇಡ.

ಹಾರ್ಡ್‌ವೇರ್ ಅಂಗಡಿಯಲ್ಲಿ 12ರ ಬೋಲ್ಟ್ ಸಿಗುತ್ತದೆ. ಅದನ್ನೇ ಹಾಕಬಹುದಾ?

ಹಾಕಬೇಡಿ. ಇದೇ ದೊಡ್ಡ ಬಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ "ಎಂ12" ಅಂದರೆ ಕೊಡುವುದು ಒರಟು ಥ್ರೆಡ್‌ನದು, ಪಿಚ್ 1.75. ಕಣ್ಣಿಗೆ ಎರಡೂ ಒಂದೇ. ಮೊದಲ ಒಂದೂವರೆ ಸುತ್ತು ಒಳಗೂ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. "ಹೊಸದಲ್ವಾ, ಅದಕ್ಕೆ ಟೈಟ್" ಅಂದುಕೊಂಡು ಸ್ಪ್ಯಾನರ್ ಹಾಕಿದಿರೋ, ಎಂಜಿನ್‌ನ ಥ್ರೆಡ್ ಪೂರ್ತಿ ಕೆತ್ತಿಕೊಂಡೇ ಹೋಗುತ್ತದೆ.

ಯಾವ ಬೋಲ್ಟ್ ಆದರೂ ಇದೊಂದು ನಿಯಮ ಇಟ್ಟುಕೊಳ್ಳಿ: ವಾಷರ್ ಕೇಸ್‌ಗೆ ತಾಗುವವರೆಗೂ ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಅದು ನಿಮ್ಮ ಬೋಲ್ಟ್ ಅಲ್ಲ, ಇಲ್ಲಾ ಓರೆಯಾಗಿ ಕೂತಿದೆ.

ಪಿಚ್ ಸರಿಯಿದ್ದರೂ ಮಾಮೂಲಿ ಬೋಲ್ಟ್‌ನ ತಲೆಯ ಕೆಳಭಾಗ ಗಮನಿಸಿ. ಡ್ರೈನ್ ಬೋಲ್ಟ್‌ಗೆ ಅಲ್ಲಿ ಅಗಲವಾದ, ನುಣ್ಣನೆಯ ಪಟ್ಟಿ ಇರುತ್ತದೆ. ವಾಷರ್ ಕೂರುವುದು ಅದರ ಮೇಲೆ. ಅದಿಲ್ಲದೆ ಸೋರಿಕೆ ನಿಲ್ಲಿಸುವುದು ಕಷ್ಟ.

ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಕಂಪನಿಯ ಡೀಲರ್‌ನ ಸ್ಪೇರ್ಸ್ ಕೌಂಟರ್. ಸರ್ವಿಸ್ ಕೌಂಟರ್ ಅಲ್ಲ, ಸ್ಪೇರ್ಸ್. ಆರ್‌ಸಿ ಫೋಟೋ, ಚಾಸಿ ನಂಬರ್ ಇಟ್ಟುಕೊಂಡು ಹೋದರೆ ಕಂಪ್ಯೂಟರ್‌ನಲ್ಲಿ ಪಾರ್ಟ್ ನಂಬರ್ ತೆಗೆದು ಕೊಡುತ್ತಾರೆ. ಇಲ್ಲದಿದ್ದರೆ ಆರ್ಡರ್ ಹಾಕಿಸಿ.

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಸ್ಪೇರ್ ಅಂಗಡಿಗಳು ಸಾಲಾಗಿವೆ. ಎಸ್.ಜೆ.ಪಿ. ರಸ್ತೆಯಲ್ಲಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ), ಸ್ಪ್ಯಾನರ್, ಥ್ರೆಡ್ ರಿಪೇರಿ ಸಾಮಾನು ಹುಡುಕಬಹುದು. ಬೇರೆ ಊರುಗಳಲ್ಲೂ ಬಸ್ ಸ್ಟ್ಯಾಂಡ್ ಹಿಂದೆಯೋ ಎಪಿಎಂಸಿ ಪಕ್ಕವೋ ಇಂಥ ಒಂದು ಸಾಲು ಇದ್ದೇ ಇರುತ್ತದೆ. ಹಳೆ ಬೋಲ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಫೋಟೋ ತೋರಿಸಿದರೆ ಪಿಚ್ ಗೊತ್ತಾಗುವುದಿಲ್ಲ. ಅಂಗಡಿಯವರು ಹೊಸದನ್ನು ಕೊಟ್ಟಾಗ ಎರಡನ್ನೂ ಪಕ್ಕಪಕ್ಕ ಒತ್ತಿ ಹಿಡಿಯಿರಿ. ಒಂದರ ಥ್ರೆಡ್ ಇನ್ನೊಂದರ ಸಂದಿನಲ್ಲಿ ಸಂದಿಲ್ಲದೆ ಕೂರಬೇಕು. ನಡುವೆ ಬೆಳಕು ಕಂಡರೆ ವಾಪಸ್ ಕೊಡಿ.

(ಹೋಂಡಾ ಬೈಕ್‌ಗಳು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತಯಾರಾಗುತ್ತವಲ್ಲ, ಅಲ್ಲೇ ಹೋಗಿ ತರಲಾ ಅಂತ ಒಬ್ಬರು ಕೇಳಿದ್ದರು. ಫ್ಯಾಕ್ಟರಿ ಗೇಟಿನಲ್ಲಿ ಬೋಲ್ಟ್ ಮಾರುವುದಿಲ್ಲ ಸ್ವಾಮಿ.)

ಪಾರ್ಟ್ ನಂಬರ್ ಇಂದ ಏನಾದರೂ ತಿಳಿಯುತ್ತದಾ?

ಹೋಂಡಾದಲ್ಲಿ ತಿಳಿಯುತ್ತದೆ. ಅವರ 12 ಮಿಲಿಮೀಟರ್ ಡ್ರೈನ್ ಬೋಲ್ಟ್‌ನ ನಂಬರ್ 92800-12000. ವಾಷರ್‌ನದು 94109-12000. ನಡುವೆ ಇರುವ 12 ಅನ್ನುವುದೇ ಸೈಜ್. 14ರ ವಾಷರ್ ಆದರೆ 94109-14000. ಇಷ್ಟು ಗೊತ್ತಿದ್ದರೆ ಆನ್‌ಲೈನ್‌ನಲ್ಲಿ ಹುಡುಕುವುದು ಸುಲಭ. ಆದರೂ ನಿಮ್ಮ ಮಾಡೆಲ್‌ನ ಪಾರ್ಟ್ಸ್ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ.

ಕಂಪನಿ ಬೋಲ್ಟೇ ಬೇಕಾ, ಲೋಕಲ್ ಸಾಕಾ?

ಕಂಪನಿಯದನ್ನೇ ತಗೊಳ್ಳಿ. ಮಾಮೂಲಿ ಗಾಡಿಗಳಿಗೆ ಇದು ಒಂದು ಮಸಾಲೆದೋಸೆ ಆಸುಪಾಸಿನ ಮಾತು. ಟೈಲ್ ಲ್ಯಾಂಪ್ ಗ್ಲಾಸ್ ಲೋಕಲ್ ಹಾಕಿ, ನಾನೂ ಹಾಕಿದ್ದೇನೆ. ಇದು ಹಾಗಲ್ಲ.

ಬೇರೆ ಗಾಡಿಯ ಬೋಲ್ಟ್ ಆಗುತ್ತದಾ?

ದಪ್ಪ, ಪಿಚ್, ಉದ್ದ, ವಾಷರ್ ಕೂರುವ ಪಟ್ಟಿ ಇವೆಲ್ಲ ಹೊಂದಿದರೆ ಯಾವ ಗಾಡಿಯದಾದರೇನು? ಹೀರೋ ಮತ್ತು ಹೋಂಡಾ 1984ರಿಂದ ಹೆಚ್ಚುಕಡಿಮೆ ಇಪ್ಪತ್ತಾರು ವರ್ಷ ಜೊತೆಗಿದ್ದವು. ಹಾಗಾಗಿ ಹಳೆ ಹೀರೋ ಹೋಂಡಾ ಗಾಡಿಗಳ ನಡುವೆ ಇಂಥ ಸಣ್ಣ ಸಾಮಾನು ಹೊಂದುವುದು ಆಶ್ಚರ್ಯವಲ್ಲ.

ಕಾರಿನ ಬೋಲ್ಟ್ ವಿಷಯದಲ್ಲಿ ಹುಷಾರು. ಟೊಯೋಟಾ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಎಂ12 × 1.25. ನಮ್ಮ ಕಟ್ಟಡದ ಟ್ಯಾಕ್ಸಿ ಡ್ರೈವರ್ ಒಬ್ಬರು ಪ್ರೀತಿಯಿಂದ ತಮ್ಮ ಡಿಕ್ಕಿಯಲ್ಲಿದ್ದ ಇನ್ನೋವಾ ಬೋಲ್ಟ್ ತಂದುಕೊಟ್ಟಿದ್ದರು. ದಪ್ಪ ಅದೇ, ನೋಡಲು ಹೊಳಪು ಬೇರೆ. ಸ್ಕೇಲ್ ಹಿಡಿದೆ, ವಂದನೆ ಹೇಳಿ ವಾಪಸ್ ಕೊಟ್ಟೆ.

ವಾಷರ್ ಪ್ರತಿಸಲ ಬದಲಿಸಲೇಬೇಕಾ?

ಬದಲಿಸಿ. ನಿಜವಾಗಿ ಆಯಿಲ್ ತಡೆಯುವುದು ಬೋಲ್ಟ್ ಅಲ್ಲ, ಈ ಬಿಲ್ಲೆ. ಅಲ್ಯೂಮಿನಿಯಂ ಅಥವಾ ತಾಮ್ರದ ಮೆತ್ತನೆ ಬಿಲ್ಲೆ ಒತ್ತಡಕ್ಕೆ ಸ್ವಲ್ಪ ಚಪ್ಪಟೆಯಾಗಿ, ಕೇಸ್‌ನ ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತದೆ. ಒಮ್ಮೆ ಚಪ್ಪಟೆಯಾದದ್ದು ಎರಡನೆಯ ಸಲ ಹಾಗೆ ಹೊಂದಿಕೊಳ್ಳುವುದಿಲ್ಲ. ಆಗ ಜಿನುಗುತ್ತದೆ. ಜಿನುಗಿತು ಅಂತ ಜನ ಇನ್ನೂ ಬಿಗಿ ಮಾಡುತ್ತಾರೆ. ಹೀಗೆ ವರ್ಷಕ್ಕೆ ಮೂರು ಸಲ, ನಾಲ್ಕೈದು ವರ್ಷ. ಕೊನೆಗೆ ಒಂದು ದಿನ ಥ್ರೆಡ್ ಕಿತ್ತು ಬರುತ್ತದೆ. ನನ್ನ ಗಾಡಿಗೆ ಆದದ್ದು ಇದೇ. ಸರ್ವಿಸ್ ಮಾಡಿದವರು ಒಂದೇ ವಾಷರ್ ಎಷ್ಟು ಸಲ ಹಾಕಿದ್ದರೋ, ತೆಗೆದಾಗ ಕಾಗದದಷ್ಟು ತೆಳ್ಳಗಿತ್ತು. ಕೊನೆಯ ಅರ್ಧ ಸುತ್ತು ಮಾತ್ರ ನನ್ನದು.

ತಾಮ್ರದ ವಾಷರ್ ಆದರೆ ಒಂದು ಹಳೆ ಉಪಾಯ ಇದೆ. ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಮೇಲಿನ ಕಪ್ಪು ಉಜ್ಜಿ ತೆಗೆದು ಹಾಕಬಹುದು. ಅಲ್ಯೂಮಿನಿಯಂ ವಾಷರ್‌ಗೆ ಇದನ್ನು ಮಾಡಲು ಹೋಗಬೇಡಿ, ಕರಗಿ ಹೋಗುತ್ತದೆ.

ಇನ್ನೊಂದು ಚೇಷ್ಟೆ. ಹಳೆ ವಾಷರ್ ಕೆಲವೊಮ್ಮೆ ಬೋಲ್ಟ್ ಜೊತೆ ಬರದೆ ಕೇಸ್‌ಗೇ ಅಂಟಿಕೊಂಡಿರುತ್ತದೆ. ಅದು ಕೇಸ್‌ನ ಭಾಗವೇ ಅನ್ನುವ ಹಾಗೆ ಕಾಣುತ್ತದೆ. ಅದರ ಮೇಲೆ ಹೊಸದನ್ನು ಹಾಕಿದರೆ ಎರಡು ವಾಷರ್ ಆಗಿ ಸೋರುತ್ತದೆ. ಉಗುರಲ್ಲಿ ಕೆರೆದು ನೋಡಿ.

ಮ್ಯಾಗ್ನೆಟ್ ಇರುವ ಬೋಲ್ಟ್ ಒಳ್ಳೆಯದಾ?

ಕೆಡುಕಿಲ್ಲ. ಆಯಿಲ್‌ನಲ್ಲಿ ತೇಲುವ ಉಕ್ಕಿನ ಪುಡಿ ಅದರ ತುದಿಗೆ ಅಂಟುತ್ತದೆ. ಬೂದು ಬಣ್ಣದ ಪೇಸ್ಟ್ ಇದ್ದರೆ ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚಕ್ಕೆ ಇದ್ದರೆ ಗೇರ್‌ನಲ್ಲೋ ಬೇರಿಂಗ್‌ನಲ್ಲೋ ಏನೋ ಒಡೆದಿದೆ. ಆದರೆ ಅಲ್ಯೂಮಿನಿಯಂ ಪುಡಿ ಇದಕ್ಕೆ ಅಂಟುವುದಿಲ್ಲ. ಮ್ಯಾಗ್ನೆಟ್ ಸಡಿಲವಾಗಿ ಕೂರಿಸಿದ ಅಗ್ಗದ ಮಾಲು ಬೇಡ. ಅದು ಒಳಗೆ ಉದುರಿದರೆ ಬೇರೆಯೇ ಕಥೆ.

ಎಷ್ಟು ಬಿಗಿ ಮಾಡಬೇಕು?

ಮ್ಯಾನುಯಲ್‌ನಲ್ಲಿ ನಿಮ್ಮ ಗಾಡಿಯ ಅಂಕೆ ಇರುತ್ತದೆ. 12ರ ಬೋಲ್ಟ್‌ಗೆ ಹೆಚ್ಚಾಗಿ 20ರಿಂದ 30 ನ್ಯೂಟನ್ ಮೀಟರ್ ನಡುವೆ. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತೋರಿಸುವ ಸ್ಪ್ಯಾನರ್) ಇಲ್ಲದವರಿಗೆ ಹೀಗೆ ಹೇಳಬಹುದು. 25 ನ್ಯೂಟನ್ ಮೀಟರ್ ಅಂದರೆ 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಹನ್ನೆರಡು-ಹದಿಮೂರು ಕಿಲೋ ಭಾರ. 25 ಕಿಲೋ ಅಕ್ಕಿ ಮೂಟೆಯ ಅರ್ಧ. ಒಂದು ಕೈಯ ಮಣಿಕಟ್ಟಿನ ಬಲ. ಹೆಗಲು ಬಳಸಿದಿರಿ ಅಂದರೆ ಆಗಲೇ ಜಾಸ್ತಿ. ಸ್ಪ್ಯಾನರ್‌ಗೆ ಪೈಪ್ ತೂರಿಸುವವರ ಕೈಗೆ ಗಾಡಿ ಕೊಡಬೇಡಿ.

ಹೊಸ ವಾಷರ್ ಹಾಕಿ ಬೆರಳಲ್ಲಿ ಕೊನೆತನಕ ತಿರುಗಿಸಿದ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು. ವಾಷರ್ ಒತ್ತಿಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ? ನಗಬೇಡಿ.

ನಗುವುದಿಲ್ಲ. ಇದರಲ್ಲಿ ಕೆಟ್ಟಷ್ಟು ಎಂಜಿನ್ ಬೇರೆ ಯಾವುದರಲ್ಲೂ ಕೆಟ್ಟಿರಲಿಕ್ಕಿಲ್ಲ. ಬೋಲ್ಟ್‌ನ ತಲೆ ನೆಲ ನೋಡುತ್ತಿದೆ, ನೀವು ಮೇಲಿನಿಂದ ಬಗ್ಗಿ ಕೈ ಹಾಕಿದ್ದೀರಿ. ಆಗ ಎಲ್ಲ ತಿರುವುಮುರುವು. ಬೋಲ್ಟ್‌ನ ತಲೆಯ ಎದುರು ಮಲಗಿ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ಬಿಚ್ಚುತ್ತದೆ. ಮೇಲಿನಿಂದ ನೋಡುವವರಿಗೆ ಅದೇ ತಿರುಗು ಗಡಿಯಾರದ ದಿಕ್ಕಿನಂತೆ ಕಾಣುತ್ತದೆ. ಗೊಂದಲವಾದರೆ ಮೊಬೈಲ್ ಅನ್ನು ಗಾಡಿ ಕೆಳಗಿಟ್ಟು ವಿಡಿಯೋ ಹಾಕಿ ನೋಡಿ. ನಾನು ಈಗಲೂ ಮಾರ್ಕರ್‌ನಲ್ಲಿ ಕೇಸ್ ಮೇಲೆ ಬಾಣದ ಗುರುತು ಹಾಕಿಟ್ಟಿದ್ದೇನೆ.

ತಲೆ ಉರುಟಾಗಿದೆ, ಸ್ಪ್ಯಾನರ್ ಜಾರುತ್ತಿದೆ.

ಸ್ಕ್ರೂ ಸ್ಪ್ಯಾನರ್ ಹಾಕಿದ್ದೀರಿ, ಸರಿನಾ? ಅದನ್ನು ಪಕ್ಕಕ್ಕಿಡಿ. ಆರು ಮೂಲೆಯ ಸಾಕೆಟ್ ತನ್ನಿ, ಹನ್ನೆರಡು ಮೂಲೆಯದು ಬೇಡ. ಅದೂ ಜಾರಿದರೆ ಒಂದು ಸೈಜ್ ಸಣ್ಣ ಸಾಕೆಟ್ ಅನ್ನು ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ. 17ರ ತಲೆಗೆ 16ರದು. ಅದೂ ಆಗದಿದ್ದರೆ ವೈಸ್ ಗ್ರಿಪ್, ಅಂದರೆ ಕಚ್ಚಿ ಹಿಡಿದುಕೊಳ್ಳುವ ಇಕ್ಕಳ. ಎಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಬೋಲ್ಟ್ ಬೇಗ ಬಿಡುತ್ತದೆ, ಆದರೆ ಸುಡುವಷ್ಟು ಬಿಸಿ ಬೇಡ, ಆಯಿಲ್ ನೇರ ಮಣಿಕಟ್ಟಿಗೇ ಇಳಿಯುತ್ತದೆ.

ತೂತಿನ ಥ್ರೆಡ್ಡೇ ಹೋಗಿದೆ. ಎಂಜಿನ್ ಇಳಿಸಬೇಕಾ?

ಬಹುತೇಕ ಬೇಡ. ಎಂಜಿನ್ ಇಳಿಸಿ ಕೇಸ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳಿ.

ಒಳ್ಳೆಯ ದಾರಿ ಹೆಲಿಕಾಯಿಲ್. ಸ್ಪ್ರಿಂಗ್‌ನಂಥ ಉಕ್ಕಿನ ಸುರುಳಿ ಅದು. ಹಾಳಾದ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದಕ್ಕೆಂದೇ ಬರುವ ಟ್ಯಾಪ್‌ನಲ್ಲಿ ಹೊಸ ಥ್ರೆಡ್ ಕೊರೆದು, ಈ ಸುರುಳಿ ಕೂರಿಸುತ್ತಾರೆ. ಒಳಗಿನ ಸೈಜ್ ಮತ್ತೆ ಎಂ12 × 1.5 ಆಗುತ್ತದೆ. ನಿಮ್ಮ ಕಂಪನಿ ಬೋಲ್ಟೇ ನಡೆಯುತ್ತದೆ. ಇನ್ನು ಮುಂದೆ ಉಕ್ಕಿಗೆ ಉಕ್ಕು ಕಚ್ಚುವುದರಿಂದ ಮೊದಲಿಗಿಂತ ಗಟ್ಟಿ. ಲೇತ್ ಅಂಗಡಿಯಲ್ಲಿ ಹೊರಗೆ ದೊಡ್ಡ, ಒಳಗೆ 12ರ ಥ್ರೆಡ್ ಇರುವ ಬುಷ್ ಮಾಡಿಸಿ ಹಾಕುವುದೂ ಇದೇ ಜಾತಿಯ ಕೆಲಸ. ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಇಂಥ ಕೈಗಳಿಗೆ ಕೊರತೆಯಿಲ್ಲ.

ಸುಲಭದ ದಾರಿ ಓವರ್‌ಸೈಜ್ ಬೋಲ್ಟ್. ತೂತಿಗೆ 14ರ ಟ್ಯಾಪ್ ಹೊಡೆದು 14ರ ಬೋಲ್ಟ್ ಹಾಕುವುದು. ಸುತ್ತ ಅಲ್ಯೂಮಿನಿಯಂ ದಪ್ಪಗಿದ್ದರೆ ಸರಿ. ತೆಳ್ಳಗಿದ್ದರೆ ಬಿರುಕು ಬಿಡುತ್ತದೆ. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ಬೋಲ್ಟ್‌ಗಳೂ ಬರುತ್ತವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಓರೆಯಾಗಿ ಹೋದರೆ ಮುಗಿಯಿತು.

ಯಾವುದನ್ನೇ ಮಾಡಿಸಿ, ಪಕ್ಕದಲ್ಲೇ ನಿಂತು ಎರಡು ವಿಷಯ ನೋಡಿ. ಟ್ಯಾಪ್‌ಗೆ ದಪ್ಪಗೆ ಗ್ರೀಸ್ ಮೆತ್ತಬೇಕು, ಚೂರು ಒಳಗೆ ಬೀಳದೆ ಅದಕ್ಕೇ ಅಂಟುತ್ತದೆ. ಕೆಲಸ ಮುಗಿದ ಮೇಲೆ ಅರ್ಧ ಲೀಟರ್ ಅಗ್ಗದ ಆಯಿಲ್ ಮೇಲಿನಿಂದ ಸುರಿದು ಕೆಳಗಿನಿಂದ ಹೊರಗೆ ಬಿಡಬೇಕು. ನನ್ನ ಗಾಡಿಯಿಂದ ಹಾಗೆ ಬಂದ ಆಯಿಲ್‌ನಲ್ಲಿ ಮಿಂಚುವ ಪುಡಿ ನೋಡಿ ಎದೆ ಝಲ್ಲೆಂದಿತು. ಎರಡು ಸಲ ತೊಳೆಸಿದೆ.

ಟೆಫ್ಲಾನ್ ಟೇಪ್, ಎಂ-ಸೀಲ್ ನಡೆಯುತ್ತದಾ?

ಟೇಪ್ ನೀರಿನ ನಲ್ಲಿಗೆ ಸರಿ. ಇಲ್ಲಿ ಅದರ ಎಳೆ ಹರಿದು ಆಯಿಲ್ ಜರಡಿಗೆ ಹೋಗಿ ಕೂರುತ್ತದೆ. ಎಂ-ಸೀಲ್ ಮೆತ್ತಿದರೆ ಮುಂದಿನ ಸಲ ಆಯಿಲ್ ಇಳಿಸುವುದು ಹೇಗೆ? ಊರಿಗೆ ಮುಟ್ಟಲು ಬೇರೆ ಗತಿಯೇ ಇಲ್ಲದಿದ್ದರೆ ಹೊರಗಿನಿಂದ ಮೆತ್ತಿ, ಗಟ್ಟಿಯಾಗುವವರೆಗೆ ಕಾದು, ನಿಧಾನ ಹೋಗಿ. ಎಣ್ಣೆ ಜಿಡ್ಡಿನ ಮೇಲೆ ಅದು ಹಿಡಿಯುವುದೇ ಇಲ್ಲ ಅನ್ನುವುದೂ ನೆನಪಿರಲಿ.

ದಾರಿಯಲ್ಲೇ ಬೋಲ್ಟ್ ಉದುರಿ ಹೋದರೆ?

ಆ ಕ್ಷಣ ಎಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ಪಕ್ಕಕ್ಕೆ ಬನ್ನಿ. ಬ್ರೇಕ್ ಮೆಲ್ಲಗೆ. ಆಯಿಲ್ ಹಿಂದಿನ ಟೈರ್ ಮೇಲೇ ಬೀಳುತ್ತಿರುತ್ತದೆ, ಎಂಜಿನ್‌ಗಿಂತ ನಿಮಗೇ ಅಪಾಯ ಜಾಸ್ತಿ. "ಇನ್ನೊಂದೇ ಕಿಲೋಮೀಟರ್" ಅನ್ನುವ ಆಸೆ ಬೇಡ. ಆಯಿಲ್ ಇಲ್ಲದೆ ಪಿಸ್ಟನ್ ಕಚ್ಚಿಕೊಳ್ಳಲು ಅಷ್ಟು ದೂರವೂ ಬೇಕಾಗಿಲ್ಲ. ತೂತಿಗೆ ಮರದ ಕಡ್ಡಿ ತುರುಕಿ ಓಡಿಸಿದೆ ಅನ್ನುವ ಶೂರರ ಕಥೆ ಕೇಳಿರುತ್ತೀರಿ. ಕಡ್ಡಿ ಇರುವುದು, ಗಾಡಿ ತಳ್ಳಿಕೊಂಡು ಹೋಗುವಾಗ ಉಳಿದ ಆಯಿಲ್ ರಸ್ತೆಗೆ ಬೀಳದಿರಲಿ ಅಂತ ಮಾತ್ರ.

ಹತ್ತಿರದ ಊರಲ್ಲಿ ಮೆಕಾನಿಕ್ ಬಳಿ ಹಳೆ ಬೋಲ್ಟ್ ಡಬ್ಬಿ ಇರುತ್ತದೆ. ಇಲ್ಲದಿದ್ದರೆ ಗುಜರಿ ಅಂಗಡಿ. ಬೋಲ್ಟ್ ಸಿಕ್ಕ ಮೇಲೆ ಆಯಿಲ್ ತರುವಾಗ ಕಾರಿನ ಆಯಿಲ್ ತರಬೇಡಿ. ಬೈಕ್‌ನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಜಾರತೊಡಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು.

ನನ್ನದು ಹಳೆ ಬುಲೆಟ್. ಯೆಜ್ಡಿ ಕೂಡ ಇದೆ.

ಹಳೆಯ ಕಾಸ್ಟ್ ಐರನ್ ಬುಲೆಟ್ ಇಂಗ್ಲೆಂಡಿನ ವಿನ್ಯಾಸ. ಅದರಲ್ಲಿ ಇಂಚಿನ ಲೆಕ್ಕದ ಬ್ರಿಟಿಷ್ ಥ್ರೆಡ್‌ಗಳು ಸಿಗುತ್ತವೆ. ವಿಟ್‌ವರ್ತ್ ಜಾತಿಯ ಥ್ರೆಡ್‌ನ ಕೋನ 55 ಡಿಗ್ರಿ, ಮೆಟ್ರಿಕ್‌ನದು 60. ಹತ್ತಿರದ ಮೆಟ್ರಿಕ್ ಬೋಲ್ಟ್ ಹಾಕಿದರೆ ಹೋದ ಹಾಗೆ ಅನ್ನಿಸಿ ಥ್ರೆಡ್ ತಿನ್ನುತ್ತದೆ. ಬುಲೆಟ್ ಸ್ಪೇರ್ಸ್ ಅಂಗಡಿಯಲ್ಲೇ ಕೇಳಿ, ಇಲ್ಲಾ ಹಳೆಯದನ್ನು ಕೊಟ್ಟು ಲೇತ್‌ನಲ್ಲಿ ಮಾಡಿಸಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗೆ ಜೆಕ್ ಮೂಲ, ಹಾಗಾಗಿ ಮೆಟ್ರಿಕ್. ಟೂ ಸ್ಟ್ರೋಕ್ ಆದ್ದರಿಂದ (ಎಂಜಿನ್ ಆಯಿಲ್ ಪೆಟ್ರೋಲ್ ಜೊತೆಯೇ ಉರಿದುಹೋಗುತ್ತದೆ) ಅಲ್ಲಿ ಡ್ರೈನ್ ಬೋಲ್ಟ್ ಇಳಿಸುವುದು ಗೇರ್ ಬಾಕ್ಸ್ ಆಯಿಲ್ ಮಾತ್ರ. ಆರ್‌ಎಕ್ಸ್ 100ನಲ್ಲೂ ಹಾಗೇ. ಕಾರ್ಖಾನೆ 1996ರಲ್ಲಿ ನಿಂತಿತು, ಆದರೆ ಮೈಸೂರಿನ ಹಳೆ ಮೆಕಾನಿಕ್‌ಗಳ ಡಬ್ಬಿಗಳು ಇನ್ನೂ ಖಾಲಿಯಾಗಿಲ್ಲ.

ಇಳಿಸಿದ ಆಯಿಲ್ ಏನು ಮಾಡಲಿ?

ಚರಂಡಿಗೆ ಬೇಡ, ಗೆದ್ದಲು ಅಂತ ಕಿಟಕಿ ಚೌಕಟ್ಟಿಗೂ ಬೇಡ. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಹಳೆ ಡಬ್ಬಿಗೆ ತುಂಬಿ ಸರ್ವಿಸ್ ಸೆಂಟರ್‌ಗೆ ಕೊಡಿ, ಅವರು ಡ್ರಮ್‌ಗೆ ಹಾಕಿಕೊಳ್ಳುತ್ತಾರೆ.

ಹಳೆ ಬೋಲ್ಟ್ ಎಸೆಯಲಾ?

ಥ್ರೆಡ್ ಚೆನ್ನಾಗಿದ್ದರೆ ಒರೆಸಿ, ಒಂದು ಹೊಸ ವಾಷರ್ ಜೊತೆ ಪೊಟ್ಟಣ ಕಟ್ಟಿ ಸೀಟಿನ ಕೆಳಗೆ ಇಡಿ. ಪೊಟ್ಟಣದ ಮೇಲೆ ಸೈಜ್ ಬರೆಯಿರಿ. ನನ್ನದರ ಮೇಲೆ "12 × 1.5, ಬೆರಳಲ್ಲಿ ಹೋಗಬೇಕು" ಅಂತ ಬರೆದಿದ್ದೇನೆ. ಆರು ತಿಂಗಳ ಹಿಂದೆ ಎದುರು ಮನೆಯ ಹುಡುಗ ಅದನ್ನು ತಗೊಂಡು ಹೋದ. ಇನ್ನೂ ವಾಪಸ್ ಕೊಟ್ಟಿಲ್ಲ.